ಗೋ ಭಾಷೆಯಲ್ಲಿ ಓಎಸ್ ಬರೆಯೋದು ಆಗದ ಕೆಲಸವಾ? ಗೈಡ್ ಒಪ್ತಿಲ್ಲ

ಏಳನೇ_ಸೆಮ್:

ಎಲ್ಲರಿಗೂ ನಮಸ್ಕಾರ. ಹಾಸನ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜು, ನಾಲ್ಕು ಜನರ ಟೀಮು. ಎಲ್ಲರೂ ಮಾಡೋ ಅಟೆಂಡೆನ್ಸ್ ಆ್ಯಪು, ಎಲೆ ಫೋಟೋ ನೋಡಿ ರೋಗ ಹೇಳೋ ಮಾಡೆಲ್ಲು ಬೇಡ ಅಂತ ಫೈನಲ್ ಇಯರ್ ಪ್ರಾಜೆಕ್ಟಿಗೆ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆಯೋಣ ಅಂದ್ಕೊಂಡ್ವಿ. ನಮಗೆ ಚೆನ್ನಾಗಿ ಬರೋದು ಗೋ. ಸಿನಾಪ್ಸಿಸ್ ತಗೊಂಡು ಹೋದ್ರೆ ಗೈಡ್ ಮೊದಲ ಪುಟ ದಾಟಲಿಲ್ಲ. "ಓಎಸ್ ಅಂದ್ರೆ ಸಿ, ಅಸೆಂಬ್ಲಿ. ಗೋ, ಜಾವಾ, ಪೈಥಾನ್ ಎಲ್ಲ ಓಎಸ್ ಮೇಲೆ ಕೂತ್ಕೊಳ್ಳೋವು. ಕೂರೋಕೆ ಚಾಪೆನೇ ಇಲ್ದೆ ಎಲ್ಲಿ ಕೂರಿಸ್ತೀರಾ?" ಅಂದ್ರು. ನಮ್ಮ ಹತ್ರ ಉತ್ತರ ಇರಲಿಲ್ಲ.

ಗಾರ್ಬೇಜ್ ಕಲೆಕ್ಷನ್ (ಜಿಸಿ, ಬಳಸಿ ಬಿಟ್ಟ ಮೆಮೊರಿಯನ್ನ ತಾನಾಗೇ ವಾಪಸ್ ತಗೊಳ್ಳೋದು) ಇರೋ ಗೋ ಥರದ ಭಾಷೆಯಲ್ಲಿ ಯಾರಾದ್ರೂ ನಿಜವಾಗ್ಲೂ ಓಎಸ್ ಬರೆದಿದ್ದಾರಾ? ಬರೆದಿದ್ರೆ ಎಷ್ಟು ನಿಧಾನ ಆಯ್ತು? ಒಂದು ಸೆಮಿಸ್ಟರಲ್ಲಿ ನಾವು ಏನು ಮಾಡಿ ತೋರಿಸಬಹುದು? ಎಕ್ಸ್‌ವಿ6 ಅನ್ನೋ ಪಾಠದ ಓಎಸ್ಸನ್ನ ಕ್ಯೂಎಮು (ಯಂತ್ರವನ್ನ ಅನುಕರಿಸೋ ಸಾಫ್ಟ್‌ವೇರ್) ಒಳಗೆ ಓಡಿಸಿ ಸಣ್ಣಪುಟ್ಟ ಸಿಸ್ಟಮ್ ಕಾಲ್ (ಪ್ರೋಗ್ರಾಮು ಓಎಸ್ ಹತ್ರ ಕೆಲಸ ಕೇಳೋ ಕರೆ) ಸೇರಿಸಿ ನೋಡಿದೀವಿ, ಅಷ್ಟು ಅನುಭವ ಇದೆ. ಟೀಮಲ್ಲಿ ಒಬ್ಬ ಪೈಥಾನಲ್ಲೇ ಬರೆಯೋಣ ಅಂತ ಹಟ ಹಿಡಿದಿದ್ದಾನೆ. ಅವನಿಗೂ ಏನಾದ್ರೂ ಹೇಳಿ.

ಕರ್ನಲ್_ಪ್ಯಾನಿಕ್:

ನಿಮ್ಮ ಗೈಡ್ ಮಾತಲ್ಲಿ ಅರ್ಧ ಸತ್ಯ ಇದೆ, ಅದನ್ನ ತಳ್ಳಿಹಾಕ್ಬೇಡಿ. ಗೋದಲ್ಲಿ ಖಾಲಿ ಮೇನ್ ಫಂಕ್ಷನ್ ಒಂದು ಬರೆದು ಲಿನಕ್ಸಲ್ಲಿ ಎಸ್‌ಟ್ರೇಸ್ (ಸಿಸ್ಟಮ್ ಕಾಲ್ ತೋರಿಸೋ ಟೂಲು) ಹಾಕಿ ಓಡಿಸಿ. ನೀವು ಒಂದಕ್ಷರ ಬರೆಯದಿದ್ರೂ ಎಂಮ್ಯಾಪ್, ಕ್ಲೋನ್ ಅಂತ ಸಾಲುಗಟ್ಟಿ ಬರುತ್ತೆ. ಗೋ ರನ್‌ಟೈಮು (ಪ್ರತಿ ಗೋ ಪ್ರೋಗ್ರಾಮಿನ ಜೊತೆಗೇ ಬರೋ ಸಹಾಯಕ ಕೋಡು) ಲಿನಕ್ಸ್ ಹತ್ರ ಮೆಮೊರಿ ಕೊಡು, ತ್ರೆಡ್ ಕೊಡು ಅಂತ ಕೇಳ್ತಿರೋದು ಅದು. ಬರೀ ಹಾರ್ಡ್‌ವೇರ್ ಮೇಲೆ ಕೊಡೋರು ಯಾರೂ ಇಲ್ಲ, ನೀವೇ ಕೊಡಬೇಕು. ಕೊಟ್ರೆ ಓಡುತ್ತೆ.

ಕೊಟ್ಟು ತೋರಿಸಿದವರು ಎಂಐಟಿಯ ಕಟ್ಲರ್, ಕಾಶೂಕ್, ಮಾರಿಸ್. ಕೊನೇ ಇಬ್ಬರು ನೀವು ಓಡಿಸಿದ ಎಕ್ಸ್‌ವಿ6 ಬರೆದವರೇ. 2018ರ ಓಎಸ್‌ಡಿಐ ಸಮ್ಮೇಳನದಲ್ಲಿ ಬಿಸ್ಕೆಟ್ ಅಂತ ಒಂದು ಕರ್ನಲ್ (ಓಎಸ್ಸಿನ ಒಳ ತಿರುಳು) ಪ್ರಕಟಿಸಿದ್ರು. ಹತ್ರಹತ್ರ 28 ಸಾವಿರ ಸಾಲು ಗೋ, ಒಂದೂವರೆ ಸಾವಿರ ಸಾಲು ಅಸೆಂಬ್ಲಿ, ಸಿ ಒಂದು ಸಾಲೂ ಇಲ್ಲ. 58 ಸಿಸ್ಟಮ್ ಕಾಲ್. ಅದರ ಮೇಲೆ ಎನ್‌ಜಿನ್‌ಎಕ್ಸ್ ವೆಬ್ ಸರ್ವರ್, ರೆಡಿಸ್ ಡೇಟಾಬೇಸ್ ಎರಡೂ ಓಡಿದ್ವು. ಒಂದೇ ಥರದ ಕೋಡನ್ನ ಸಿ ಮತ್ತು ಗೋ ಎರಡರಲ್ಲೂ ಬರೆದು ಅಳೆದಾಗ ಗೋ 5ರಿಂದ 15 ಶೇಕಡಾ ನಿಧಾನ. ಜಿಸಿಯಿಂದ ಎನ್‌ಜಿನ್‌ಎಕ್ಸ್ ಒಂದೇ ಸಲಕ್ಕೆ ನಿಂತಿದ್ದು ಅಂದ್ರೆ ಹೆಚ್ಚೆಂದರೆ 115 ಮೈಕ್ರೋಸೆಕೆಂಡು. "ಜಿಸಿ ಇದ್ರೆ ಸಿಸ್ಟಮ್ ತಡವರಿಸುತ್ತೆ" ಅನ್ನೋರಿಗೆ ಈ ನಂಬರ್ ಸಾಕು.

ನನಗೆ ನಿಜಕ್ಕೂ ಇಷ್ಟ ಆಗಿದ್ದು ಸ್ಪೀಡಲ್ಲ, ಅವರು ಮೆಮೊರಿ ಮುಗಿದಾಗ ಏನ್ ಮಾಡೋದು ಅನ್ನೋದನ್ನ ಬಿಡಿಸಿದ ರೀತಿ. ಸಿ ಕರ್ನಲ್ಲಲ್ಲಿ ಮೆಮೊರಿ ಕೊಡೋ ಕೆಮ್ಯಾಲಕ್ ಫಂಕ್ಷನ್ ನಲ್ (ಏನೂ ಇಲ್ಲ ಅಂತ) ಕೊಡುತ್ತೆ, ನೀವು ಎರರ್ ವಾಪಸ್ ಕಳಿಸ್ತೀರಿ. ಗೋದಲ್ಲಿ ಮೆಮೊರಿ ಕೇಳಿದ್ರೆ ಇಲ್ಲ ಅನ್ನೋ ಉತ್ತರಾನೇ ಇಲ್ಲ, ಪ್ರೋಗ್ರಾಮ್ ಸಾಯುತ್ತೆ. ಪ್ರೋಗ್ರಾಮ್ ಸತ್ರೆ ಇನ್ನೊಂದು ಶುರು ಮಾಡಬಹುದು, ಕರ್ನಲ್ ಸತ್ರೆ? ಹಾಗಾಗಿ ಪ್ರತಿ ಸಿಸ್ಟಮ್ ಕಾಲಿಗೂ ಜಾಸ್ತಿ ಅಂದ್ರೆ ಎಷ್ಟು ಹೀಪ್ (ಓಡುವಾಗ ಕೇಳಿ ಪಡೆಯೋ ಮೆಮೊರಿ) ಬೇಕು ಅಂತ ಕೋಡ್ ಓದೋ ಟೂಲಿಂದ ಮೊದಲೇ ಲೆಕ್ಕ ಹಾಕಿ, ಅಷ್ಟು ಕಾದಿರಿಸಿದ ಮೇಲೇ ಕಾಲ್ ಒಳಗೆ ಬಿಡ್ತಾರೆ. ಜಾಗ ಇಲ್ಲಾಂದ್ರೆ ಬಾಗಿಲಲ್ಲೇ ಕಾಯಬೇಕು. ಅರ್ಧ ದಾರಿಯಲ್ಲಿ ಕೈಕೊಡೋ ಪ್ರಶ್ನೆನೇ ಇಲ್ಲ.

ಇದರಿಂದ ಲಾಭ ಏನು ಅಂತ ಗೈಡ್ ಕೇಳ್ತಾರೆ. ಅದೇ ಪೇಪರಲ್ಲಿ 2017ರ ಲಿನಕ್ಸ್ ಕರ್ನಲ್ ಭದ್ರತಾ ದೋಷ 65 ತಗೊಂಡು ಒಂದೊಂದಾಗಿ ನೋಡಿದಾರೆ. ಅದರಲ್ಲಿ 40 ಮೆಮೊರಿ ತಪ್ಪುಗಳು, ಗೋದಲ್ಲಿ ಬರೆದಿದ್ರೆ ದಾಳಿಕೋರನಿಗೆ ದಾರಿ ಆಗ್ತಾನೇ ಇರಲಿಲ್ಲ.

ಪೈಥಾನ್ ಗೆಳೆಯನಿಗೆ: ಮೈಕ್ರೋಪೈಥಾನ್ ಓಎಸ್ ಇಲ್ಲದ ಬೋರ್ಡ್ ಮೇಲೆ ನೇರ ಓಡುತ್ತೆ, ನಾನೇ ಆಫೀಸಲ್ಲಿ ಬೋರ್ಡ್ ಟೆಸ್ಟ್ ಮಾಡೋಕೆ ಅದನ್ನೇ ಹಾಕ್ತೀನಿ. ಆದ್ರೆ ಅದರ ಇಂಟರ್‌ಪ್ರಿಟರ್ ಪೂರ್ತಿ ಸಿ. ಅದನ್ನ ತೋರಿಸಿ "ಪೈಥಾನಲ್ಲಿ ಓಎಸ್ ಬರೆದ್ವಿ" ಅಂದ್ರೆ ವೈವಾದಲ್ಲಿ ಮೊದಲನೇ ಪ್ರಶ್ನೆಗೇ ಸಿಕ್ಕಿಬೀಳ್ತೀರಿ.

ಹಳೇ_ಟೇಪು:

ತಮ್ಮಾ ಇರ್ಲಿ, ತಂಗಿ ಇರ್ಲಿ, ನಿಮ್ಮ ಗೈಡ್ ಮಾತು ಓದಿ ನಗು ಬಂತು. ಅಸೆಂಬ್ಲರೇ ಇಲ್ಲದ ಯಂತ್ರದ ಮ್ಯಾಲ ನೌಕರಿ ಶುರು ಮಾಡಿದಾಂವ ನಾನು.

ಧಾರವಾಡದಾಗ ಡಿಗ್ರಿ ಮುಗಿಸಿ ಎಂಬತ್ತರ ದಶಕದಾಗ ಮುಂಬಯಿಗೆ ಹೋದೆ. ಟಾಟಾದವರು ಅಮೆರಿಕಾದ ಬರೋಸ್ ಕಂಪನಿ ಜೋಡಿ ಕೂಡಿ 1977ರಾಗ ಟಾಟಾ ಬರೋಸ್ ಕಟ್ಟಿದ್ರು. ಹಿಂಗಾಗಿ ಆ ಊರಾಗ ಬರೋಸ್ ಯಂತ್ರ ಬಲ್ಲವರಿಗೆ ಬೇಡಿಕಿ ಇತ್ತು. ನಾ ಸೇರಿದ್ದು ಬ್ಯಾರೆ ಕಡೆ, ಆದ್ರ ಯಂತ್ರ ಅದೇ ಜಾತಿದು. ಸೇರಿದ ಹೊಸದಾಗಿ ಸೀನಿಯರ್ ಒಬ್ಬರನ್ನ ಕೇಳಿದೆ, "ಅಸೆಂಬ್ಲಿ ಮ್ಯಾನ್ಯುಅಲ್ ಎಲ್ಲದರೀ?" ಅಂತ. "ಮ್ಯಾನ್ಯುಅಲ್ಲೂ ಇಲ್ಲ, ಅಸೆಂಬ್ಲರೂ ಇಲ್ಲ. ಆಲ್ಗಾಲ್ ಕಲಿ" ಅಂದ್ರು. ಆಲ್ಗಾಲ್ ಅಂದ್ರ ಸಿಗಿಂತ ಹಳೇ, ಮ್ಯಾಲಿನ ಮಟ್ಟದ ಭಾಷಾ. ಹೊಸಬನ ಜೋಡಿ ಚ್ಯಾಷ್ಟಿ ಮಾಡ್ಲಿಕತ್ಯಾರ ಅಂತ ತಿಳಕೊಂಡೆ. ಚ್ಯಾಷ್ಟಿ ಆಗಿರಲಿಲ್ಲ.

ಸಂಗತಿ ಏನಂದ್ರ, 1961ರಾಗ ಬರೋಸ್‌ನವರು ಬಿ5000 ಅನ್ನೋ ಯಂತ್ರ ಸಾರಿದ್ರು. ರಾಬರ್ಟ್ ಬಾರ್ಟನ್ ಅದರ ಹಿಂದಿನ ತಲಿ. ಉಳಿದವರು ಮೊದಲ ಯಂತ್ರ ಮಾಡಿ ಆಮ್ಯಾಲ ಅದಕ್ಕ ಭಾಷಾ ಹೊಂದಸ್ತಿದ್ರು. ಇವರು ಆಲ್ಗಾಲ್ ಮುಂದ ಇಟ್ಕೊಂಡು ಯಂತ್ರ ಮಾಡಿದ್ರು. ಪ್ರೋಗ್ರಾಮರಿಗೆ ಕಾಣೋ ರಜಿಸ್ಟರ್ (ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹದ ಜಾಗಾ) ಇಲ್ಲ, ಎಲ್ಲಾ ಸ್ಟ್ಯಾಕ್ (ಒಂದರ ಮ್ಯಾಲ ಒಂದು ಒಟ್ಟೋ ಮೆಮೊರಿ) ಮ್ಯಾಲೇ. 1964ರ ಬಿ5500 ಹೊತ್ತಿಗೆ ಅದರ ಓಎಸ್ಸು, ಎಂಸಿಪಿ ಅಂತ ಹೆಸರು, ಎಸ್ಪಾಲ್ ಭಾಷಾದಾಗ ಬರದಿತ್ತು. ಎಸ್ಪಾಲ್ ಅಂದ್ರ ಆಲ್ಗಾಲೇ, ಅದಕ್ಕ ಇಂಟರಪ್ಟು (ಹಾರ್ಡ್‌ವೇರ್ ನಡುವ ಬಂದು ಕೊಡೋ ಕರೆ), ಖಾಸಾ ಮೆಮೊರಿ ಇವನ್ನ ಮುಟ್ಟೋ ಅಧಿಕಾರ ಹಚ್ಚಿದ್ರು ಅಷ್ಟ. ಯುನಿಕ್ಸ್ 1969ರಾಗ ಪಿಡಿಪಿ-7 ಮ್ಯಾಲ ಅಸೆಂಬ್ಲಿದಾಗ ಹುಟ್ಟೋ ಮೊದಲೇ ಈ ಮಂದಿ ಅಸೆಂಬ್ಲಿ ಬಿಟ್ಟು ವರ್ಷಗಟ್ಲೆ ಆಗಿತ್ತು.

ಕೆಲಸ ಹೆಂಗ ನಡೀತಿತ್ತು ಅಂದ್ರ: ಬಿ6500ರಿಂದ ಮುಂದಿನ ಯಂತ್ರದಾಗ ಒಂದೊಂದು ವರ್ಡಿಗೆ 48 ಬಿಟ್ ಡೇಟಾ, ಅದರ ಮ್ಯಾಲ 3 ಬಿಟ್ ಟ್ಯಾಗ್. ಟ್ಯಾಗ್ 0 ಇದ್ರ ಸಾದಾ ಸಂಖ್ಯಾ, 3 ಇದ್ರ ಕೋಡು, 5 ಇದ್ರ ಡಿಸ್ಕ್ರಿಪ್ಟರ್. ಅರೇ ಎಲ್ಲಿ ಶುರು ಆಗ್ತದ, ಎಷ್ಟು ಉದ್ದ ಅದ ಅನ್ನೋದು ಡಿಸ್ಕ್ರಿಪ್ಟರ್‌ನ್ಯಾಗ ಇರತದ. ನೀ ಅರೇದ ಹೊರಗ ಕೈ ಚಾಚಿದ್ರ ಹಾರ್ಡ್‌ವೇರೇ ಕೈ ಹಿಡೀತದ. ರಾತ್ರಿ ಪಗಾರದ ಬ್ಯಾಚ್ ಓಡಸೋ ಮುಂದ ಯಾರೋ ಹೊಸಾ ಡಿಪಾರ್ಟ್‌ಮೆಂಟ್ ಕೋಡ್ ಹಾಕಿ ಟೇಬಲ್ ಬೆಳಸೋದು ಮರತಿದ್ರ, ಕನ್ಸೋಲ್ ಮ್ಯಾಲ "ಇನ್‌ವ್ಯಾಲಿಡ್ ಇಂಡೆಕ್ಸ್" ಅಂತ ಬರತಿತ್ತು, ಜೋಡಿಗೆ ಸೋರ್ಸಿನ ಸಾಲಿನ ನಂಬರು. ಆ ಸಾಲಿಗೆ ಹೋಗು, ತಿದ್ದು, ಮತ್ತ ಓಡಸು. ಬಾಜೂ ಪ್ರೋಗ್ರಾಮಿಗೆ ಬಿಸಿ ತಟ್ಟೂದಿಲ್ಲ. ನಂತರ ನಾ ಬ್ಯಾರೆ ಕಡೆ ಸಿ ಬರದೆ. ಅದೇ ತಪ್ಪು ಅಲ್ಲಿ ಮಾಡಿದ್ರ ಮೂರು ದಿನ ಬಿಟ್ಟು ಇನ್ನೆಲ್ಲೋ ಸಿಡೀತಿತ್ತು.

ಎಂಸಿಪಿ ಸೋರ್ಸು ಗಿರಾಕಿಗಳಿಗೆ ಕೊಡ್ತಿದ್ರು. ಪ್ರಿಂಟ್ ತಗದ್ರ ಮೇಜಿನ ಮ್ಯಾಲ ದೊಡ್ಡ ಒಟ್ಟಿ. ಊಟದ ಹೊತ್ತಿನ್ಯಾಗ ಅದನ್ನ ಓದ್ತಾ ಕೂಡೋದು ನನ್ನ ಚಟ. ಓದಲಿಕ್ಕೆ ಬರೋ ಭಾಷಾದಾಗ ಇತ್ತು, ಅದಕ್ಕ ಓದಿದೆ. ಹೆಕ್ಸ್ ಡಂಪ್ ಇದ್ದಿದ್ರ ಊಟ ಮಾಡಿ ನಿದ್ದಿ ಹೊಡೀತಿದ್ದೆ.

ಆ ಎಂಸಿಪಿ ಇನ್ನೂ ಜೀವಂತ ಅದ. ಯುನಿಸಿಸ್ ಕಂಪನಿ ಮಾರತದ, ಇಂಟೆಲ್ ಜಿಯಾನ್ ಚಿಪ್ ಮ್ಯಾಲ ಎಮ್ಯುಲೇಷನ್‌ದಾಗ ಓಡತದ.

ಏಳನೇ_ಸೆಮ್:

ತಂಗಿ, ಸರ್ :) ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಾಸ್ಟೆಲಲ್ಲಿ ಎಲ್ಲರಿಗೂ ಓದಿ ಹೇಳಿದೆ.

ಆದ್ರೆ ಸರ್, ಅರವತ್ತರ ದಶಕದಲ್ಲೇ ಇಷ್ಟು ಚೆನ್ನಾಗಿತ್ತು ಅಂದ್ರೆ ಇವತ್ತು ಎಲ್ಲ ಕಡೆ ಸಿ ಯಾಕಿದೆ? ಸಿ ಗೆದ್ದಿದೆ ಅಂದ್ರೆ ಗೈಡ್ ಹೇಳಿದ್ದೇ ಸರಿ ಅಂತ ಆಗಲ್ವಾ? ಇನ್ನೊಂದು ವಿಷಯ. ನಿಮ್ಮ ಯಂತ್ರದಲ್ಲಿ ಕಾವಲಿಗೆ ಟ್ಯಾಗ್ ಇತ್ತು. ನಮ್ಮ ಹತ್ರ ಟ್ಯಾಗ್ ಇಲ್ಲ, ಗೋ ಕಂಪೈಲರ್ ಮಾತ್ರ ಇದೆ. ಅದನ್ನೊಂದೇ ನಂಬಬಹುದಾ?

ಹಳೇ_ಟೇಪು:

ಶಾಣ್ಯಾ ಇದ್ದೀ ತಂಗಿ. ಎರಡನೇ ಪ್ರಶ್ನಿನೇ ಖರೇ ಪ್ರಶ್ನಿ, ಮೊದಲನೇದ್ದು ಬೇಗ ಮುಗಸ್ತೇನಿ.

ಸಿ ಗೆದ್ದದ್ದು ಮ್ಯಾಲಿನ ಮಟ್ಟದ ಭಾಷಾ ಆಗಿಯೇ! 1973ರಾಗ ಯುನಿಕ್ಸ್ ಕರ್ನಲನ್ನ ಅಸೆಂಬ್ಲಿಯಿಂದ ಸಿಗೆ ತಂದಾಗ, ಹೊಸಾದು ಹಳೇದಕ್ಕಿಂತ ಸುಮಾರು ಮೂರನೇ ಒಂದು ಪಾಲು ದೊಡ್ಡದಾತು ಅಂತ ರಿಚಿ ಮತ್ತ ಥಾಂಪ್ಸನ್ ತಾವೇ ಬರದಾರ. ತಿಳಕೊಳ್ಳಲಿಕ್ಕೆ, ತಿದ್ದಲಿಕ್ಕೆ ಸಸಾರ ಆತು, ಹೊಸಾ ಸೌಲಭ್ಯನೂ ಬಂದ್ವು, ಹಂಗಾಗಿ ಆ ಖರ್ಚು ನಡೀತದ ಅಂದ್ರು. ನಿಮ್ಮ ಗೈಡ್ ಆಗ ಇದ್ದಿದ್ರ "ಓಎಸ್ ಅಂದ್ರ ಅಸೆಂಬ್ಲಿ, ಸಿ ಯಾಕ?" ಅಂತಿದ್ರು ಅಂತ ನನ್ನ ಅನುಮಾನ. ಸಿ ಯಂತ್ರದಿಂದ ಹೆಚ್ಚೇನೂ ಬೇಡೂದಿಲ್ಲ. ಸಪಾಟ ಮೆಮೊರಿ ಇದ್ರ ಸಾಕು. ಟ್ಯಾಗು ಗೀಗು ಇಲ್ಲದ ಸೋವಿ ಮೈಕ್ರೋಪ್ರೊಸೆಸರ್ ಬಂದಾಗ ಅದರ ಮ್ಯಾಲ ಎಲ್ಲಾ ಕಡೆ ಹೋತು. ಇಂಟೆಲ್‌ನವರು 1981ರಾಗ ಐಎಪಿಎಕ್ಸ್ 432 ಅಂತ ಎಡಾ ಭಾಷಾಕ್ಕ ಹೊಂದೋ ಚಿಪ್ ಮಾಡಿದ್ರು. ಭಾಳ ನಿಧಾನ ಆಗಿ ಬಿದ್ದು ಹೋತು. ಆಮ್ಯಾಲ ಹಾರ್ಡ್‌ವೇರಿನ ಮಂದಿ ಆ ಕಡೆ ತಲಿ ಹಾಕಿ ಮಲಗಲಿಲ್ಲ ಭಾಳ ದಿನ. ಈಗ ಕೇಂಬ್ರಿಜ್‌ದವರ ಚೆರಿ ಅನ್ನೋ ಪ್ರೊಸೆಸರ್ ವಿನ್ಯಾಸ ನೋಡು, 2022ರಾಗ ಆರ್ಮ್‌ನವರು ಅದರ ಮ್ಯಾಲ ಮೊರೆಲ್ಲೋ ಅಂತ ಬೋರ್ಡ್ ಹೊರಗ ತಂದಾರ. ಪಾಯಿಂಟರಿಗೆ ಟ್ಯಾಗು, ಗಡಿ, ಎಲ್ಲಾ ವಾಪಸ್! ನನ್ನಂಥಾ ಮುದುಕಗ ಹಬ್ಬ.

ಇನ್ನ ಕಂಪೈಲರ್ ನಂಬೋ ಮಾತು. ನಮ್ಮ ಯಂತ್ರಕ್ಕೂ ಅದೇ ಸಂಕಟ ಇತ್ತು. ಟ್ಯಾಗ್ ಇದ್ರೂ, ಕೋಡ್ ಫೈಲ್ ತಯಾರ ಮಾಡೋದು ಯಾರು? ಕಂಪೈಲರ್. ಕೆಟ್ಟ ಕೋಡ್ ಹೊರಗ ಬಿಡೂದಿಲ್ಲ ಅಂತ ಅದರ ಮ್ಯಾಲೇ ಭಾರ. ಹಿಂಗಾಗಿ ಸಾದಾ ಪ್ರೋಗ್ರಾಮಿಗೆ ಕೋಡ್ ಫೈಲ್ ಬರಿಯೋ ಹಕ್ಕೇ ಇರಲಿಲ್ಲ. ನೀ ಹೊಸಾ ಕಂಪೈಲರ್ ಬರದ್ರ ಆಪರೇಟರ್ ಕನ್ಸೋಲ್‌ಗೆ ಹೋಗಿ ಎಂಸಿ ಅಂತ ಕಮಾಂಡ್ ಕೊಡಬೇಕು, ಇದನ್ನ ಕಂಪೈಲರ್ ಅಂತ ಮಾನ್ಯ ಮಾಡು ಅಂತ. ಆಪರೇಟರ್ ಚಲೋ ಮೂಡಿನ್ಯಾಗ ಇದ್ರ ಕೊಡತಿದ್ದ, ಇಲ್ಲಂದ್ರ ಮ್ಯಾನೇಜರ್ ಸಹಿ ತಾ ಅಂತಿದ್ದ.

ಈ ಕೋಟೆಯಾಗೂ ಒಂದು ಕಿಂಡಿ ಇತ್ತು, ಟೇಪು. ಯಂತ್ರದಿಂದ ಫೈಲ್ ಟೇಪಿಗೆ ಹಾಕಿ, ಬ್ಯಾರೆ ಕಂಪನಿ ಯಂತ್ರದ ಮ್ಯಾಲ ಟೇಪಿನ ಬಿಟ್ ತಿದ್ದಿ, ವಾಪಸ್ ತಂದು ಇಳಿಸಿದ್ರ, ಎಂಸಿಪಿ ಅದನ್ನ ಕಂಪೈಲರ್ ಅಂತ ನಂಬತಿತ್ತು. 1981ರಾಗ ಇದನ್ನ ಮಾಡಿ ತೋರಿಸಿ ಪ್ರಬಂಧ ಬರದಾರ. ಅಂದ್ರ ಕಾವಲು ಎಲ್ಲಿ ಮುರೀತು? ಭಾಷಾದಾಗಲ್ಲ, ಟ್ಯಾಗ್‌ನ್ಯಾಗಲ್ಲ. ಇದು ಕಂಪೈಲರ್ ಕೈಯಿಂದಾನೇ ಬಂದದ್ದು ಅನ್ನೋ ಖಾತ್ರಿ ಕಳಕೊಂಡ ಜಾಗಾದಾಗ.

ಎಸ್ಪಾಲ್ ನಂತರ ನ್ಯೂಪಿ ಅಂತ ಭಾಷಾ ಬಂತು. ಅದರಾಗ ಅಪಾಯದ ಕೆಲಸ ಮಾಡೋ ಬ್ಲಾಕಿಗೆ "ಅನ್‌ಸೇಫ್" ಅಂತ ಹಣಿಪಟ್ಟಿ ಹಚ್ಚಬೇಕು. ಹಚ್ಚಿದ್ರ ಆ ಪ್ರೋಗ್ರಾಮು ಅಡ್ಮಿನಿಸ್ಟ್ರೇಟರ್ ಒಪ್ಪಿಗಿ ಕೊಡೋ ತನಕ ಓಡೂದಿಲ್ಲ. ರಸ್ಟ್ ಭಾಷಾ ಕಲತ ನನ್ನ ಮೊಮ್ಮಗ ಅನ್‌ಸೇಫ್ ಹೊಸಾ ವಿಚಾರ ಅಂತ ನನಗ ತಿಳಿಸಿ ಹೇಳಲಿಕತ್ತಿದ್ದ. ಕೇಳಿಸ್ಕೊಂಡೆ, ಪಾಪ.

ಕರ್ನಲ್_ಪ್ಯಾನಿಕ್:

ಸರ್, ಆ ಟೇಪಿನ ವಿಷಯ ಗೊತ್ತೇ ಇರಲಿಲ್ಲ. ಇವತ್ತು ನಾವು ಫರ್ಮ್‌ವೇರ್ ಸೈನ್ ಮಾಡ್ತೀವಲ್ಲ, ಅದೇ ಕಿಂಡಿ ಮುಚ್ಚೋಕೆ.

@ಏಳನೇ_ಸೆಮ್, ಸರ್ ಹೇಳಿದ್ದರಲ್ಲೇ ನಿಮ್ಮ ಪ್ರಾಜೆಕ್ಟ್ ಇದೆ. ಬಿಸ್ಕೆಟ್ ಥರ ಪೂರ್ತಿ ಗೋ ರನ್‌ಟೈಮನ್ನ ಬರೀ ಹಾರ್ಡ್‌ವೇರ್ ಮೇಲೆ ಕೂರಿಸೋದು ಒಂದು ಪಿಎಚ್‌ಡಿ ಕೆಲಸ, ಅದಕ್ಕೆ ಕೈ ಹಾಕ್ಬೇಡಿ. ಟೈನಿಗೋ ತಗೊಳ್ಳಿ. ಮೈಕ್ರೋಕಂಟ್ರೋಲರಿಗೆ ಅಂತಾನೇ ಮಾಡಿದ ಗೋ ಕಂಪೈಲರ್, ರನ್‌ಟೈಮ್ ಚಿಕ್ಕದು, ಕೆಳಗೆ ಓಎಸ್ ಕೇಳಲ್ಲ. ಹೈಫೈವ್1 ಅನ್ನೋ ರಿಸ್ಕ್-ವಿ ಬೋರ್ಡಿಗೆ ಅದರಲ್ಲಿ ಸಪೋರ್ಟ್ ಇದೆ, ಕ್ಯೂಎಮು ಒಳಗೂ ಓಡುತ್ತೆ. ಬೋರ್ಡ್ ಕೊಳ್ಳೋ ದುಡ್ಡು ಉಳೀತು.

ಆ ಚಿಪ್ಪಲ್ಲಿ ಎಂಎಂಯು (ಒಂದೊಂದು ಪ್ರೋಗ್ರಾಮಿನ ಮೆಮೊರಿಗೂ ಗೋಡೆ ಹಾಕೋ ಹಾರ್ಡ್‌ವೇರ್) ಇಲ್ಲ, ಪೇಜ್ ಟೇಬಲ್ ಇಲ್ಲ. ಕೊರತೆ ಅನ್ಕೋಬೇಡಿ, ಅದನ್ನೇ ಪ್ರಾಜೆಕ್ಟ್ ಮಾಡಿ. ಮೈಕ್ರೋಸಾಫ್ಟ್ ರಿಸರ್ಚಲ್ಲಿ 2003ರಲ್ಲಿ ಶುರುವಾದ ಸಿಂಗ್ಯುಲಾರಿಟಿ ಇದನ್ನೇ ಮಾಡ್ತು. ಸಿ ಶಾರ್ಪ್‌ನಿಂದ ಬೆಳೆಸಿದ ಸಿಂಗ್ ಶಾರ್ಪ್ ಭಾಷೆ, ಪ್ರೋಗ್ರಾಮ್‌ಗಳನ್ನ ಒಂದರಿಂದ ಒಂದು ದೂರ ಇಡೋದು ಹಾರ್ಡ್‌ವೇರ್ ಗೋಡೆ ಅಲ್ಲ, ಭಾಷೆಯ ನಿಯಮ. ನೀವು ಅದರ ಪುಟ್ಟ ರೂಪ ಮಾಡಿ: ಒಂದು ಶೆಡ್ಯೂಲರ್, ಮೂರ್ನಾಲ್ಕು ಟಾಸ್ಕ್, ಮಾತಾಡೋಕೆ ಚಾನೆಲ್, ಸೀರಿಯಲ್ ಪೋರ್ಟ್ ಮೇಲೆ ಒಂದು ಕಮಾಂಡ್ ಪ್ರಾಂಪ್ಟ್. ಟಾಸ್ಕ್ ಕೋಡಲ್ಲಿ ಅನ್‌ಸೇಫ್ ಪ್ಯಾಕೇಜ್ ಇಂಪೋರ್ಟ್ ಆದ್ರೆ ಬಿಲ್ಡೇ ಆಗಬಾರದು, ಅದಕ್ಕೊಂದು ಸ್ಕ್ರಿಪ್ಟು. ಸರ್ ಹೇಳಿದ ಆಪರೇಟರ್ ಅದೇ. ನಿಜ ಹೇಳ್ಬೇಕಂದ್ರೆ ಗೋದಲ್ಲಿ ಡೇಟಾ ರೇಸ್ (ಇಬ್ಬರು ಒಂದೇ ಡೇಟಾವನ್ನ ಒಟ್ಟಿಗೆ ಮುಟ್ಟಿ ತಿದ್ದೋದು) ಇದ್ರೆ ಮೆಮೊರಿ ಸುರಕ್ಷತೆ ಮುರಿಬಹುದು. ಒಂದೇ ಕೋರ್ ಇದ್ದು, ಟಾಸ್ಕ್‌ಗಳು ತಾವಾಗೇ ಜಾಗ ಬಿಟ್ಟುಕೊಡೋ ಶೆಡ್ಯೂಲರ್ ಇದ್ರೆ ಆ ಭಯ ಇಲ್ಲ.

ಡೆಮೋಗೆ ಒಂದೇ ತಪ್ಪನ್ನ ಎರಡು ಸಲ ತೋರಿಸಿ. ಒಂದು ಟಾಸ್ಕ್ ಅರೇ ಗಡಿ ದಾಟುತ್ತೆ. ಸಿ ಆವೃತ್ತಿಯಲ್ಲಿ ಪಕ್ಕದ ಟಾಸ್ಕಿನ ಕೌಂಟರ್ ಹಾಳಾಗುತ್ತೆ, ಯಾರಿಗೂ ಗೊತ್ತಾಗಲ್ಲ. ಗೋ ಆವೃತ್ತಿಯಲ್ಲಿ ಪ್ಯಾನಿಕ್. ಆ ಟಾಸ್ಕ್ ಒಂದನ್ನೇ ಸಾಯಿಸಿ ಉಳಿದವು ನಡೆಯೋ ಹಾಗೆ ಮಾಡೋದು ನಿಮ್ಮ ಟೀಮಿನ ಅಸಲಿ ಕೆಲಸ, ಸೆಮಿಸ್ಟರಿನ ಅರ್ಧ ಅದಕ್ಕೇ ಹೋಗುತ್ತೆ.

ಇಂಟರಪ್ಟ್ ಹ್ಯಾಂಡ್ಲರಲ್ಲಿ ಮಾತ್ರ ಏನೂ ಅಲೊಕೇಟ್ ಮಾಡ್ಬೇಡಿ (ಹೊಸ ಮೆಮೊರಿ ಕೇಳ್ಬೇಡಿ), ಅಪೆಂಡ್ ಕೂಡ. ಇಂಟರಪ್ಟ್ ಬಂದಾಗ ರನ್‌ಟೈಮು ಅಲೊಕೇಷನ್ ಮಧ್ಯದಲ್ಲೇ ಇರಬಹುದು. ಬಿಸ್ಕೆಟಲ್ಲೂ ಹ್ಯಾಂಡ್ಲರ್ ಮಾಡೋದು ಒಂದೇ ಕೆಲಸ: ಸಂಬಂಧಪಟ್ಟ ಗೋರೊಟೀನ್ (ಗೋದ ಹಗುರ ತ್ರೆಡ್) ಎಬ್ಬಿಸಿ ವಾಪಸ್ ಬರೋದು. ಎಲ್ಲಿ ಕದ್ದುಮುಚ್ಚಿ ಅಲೊಕೇಷನ್ ಆಗ್ತಿದೆ ಅಂತ ಹಿಡಿಯೋಕೆ ಟೈನಿಗೋದಲ್ಲಿ ಜಿಸಿ ಆಯ್ಕೆಯನ್ನ ನನ್ (none) ಅಂತ ಕೊಟ್ಟು ಬಿಲ್ಡ್ ಮಾಡಿ. ಹೀಪ್ ಮುಟ್ಟೋ ಕೋಡ್ ಇದ್ರೆ ಲಿಂಕರ್ ಅಲ್ಲೇ ಎರರ್ ಕೊಡುತ್ತೆ.

ಏಳನೇ_ಸೆಮ್:

ಇದನ್ನೇ ಹೊಸ ಸಿನಾಪ್ಸಿಸ್ ಮಾಡ್ತಿದೀವಿ. ಪೈಥಾನ್ ಗೆಳೆಯ ಬಿಲ್ಡ್ ಸ್ಕ್ರಿಪ್ಟ್ ಪೈಥಾನಲ್ಲಿ ಬರೀತೀನಿ ಅಂತ ಸಮಾಧಾನ ಆಗಿದ್ದಾನೆ.

ಕೊನೇ ಪ್ರಶ್ನೆ. ಆ ಚಿಪ್ಪಿಗೆ ರ್‍ಯಾಮ್ 16 ಕೆಬಿ ಅಂತ ಓದಿದೆ. ಅಷ್ಟರಲ್ಲಿ ಜಿಸಿ ಇಟ್ಕೊಳ್ಳೋದಾ, ತೆಗೆಯೋದಾ? ಇಟ್ರೆ ಯಾವಾಗ ಓಡಿಸಬೇಕು?

ಹಳೇ_ಟೇಪು:

ಇಟ್ಕೋ. ಆದ್ರ ಅದು ಯಾವಾಗ ಓಡಬೇಕು ಅನ್ನೋದು ನಿನ್ನ ಕೈಯಾಗ ಇರ್ಲಿ. ಜ್ಯೂರಿಕ್‌ನ ಇಟಿಎಚ್‌ದಾಗ ವಿರ್ತ್ ಮತ್ತ ಗುಟ್‌ಕ್ನೆಕ್ಟ್ 1986ರಿಂದ ಓಬೆರಾನ್ ಅಂತ ಓಎಸ್ಸು, ಭಾಷಾ ಎರಡೂ ಕೂಡಿ ಕಟ್ಟಿದ್ರು, ಸೆರೆಸ್ ಅನ್ನೋ ತಮ್ಮದೇ ಯಂತ್ರದ ಮ್ಯಾಲ. 2013ರಾಗ ವಿರ್ತ್ ಅಜ್ಜ ಎಫ್‌ಪಿಜಿಎ (ಬೇಕಾದಂಗ ಸರ್ಕ್ಯೂಟ್ ಹೊಂದಿಸೋ ಚಿಪ್) ಮ್ಯಾಲ ತನ್ನದೇ ಪ್ರೊಸೆಸರ್ ಮಾಡಿ ಅದನ್ನ ಮತ್ತ ಓಡಿಸಿದ, ಎಂಬತ್ತರ ಹತ್ರ ವಯಸ್ಸು ಆವಾಗ.

ಅದರಾಗ ಒಂದು ಸಾದಾ ಯುಕ್ತಿ ಅದ. ಓಬೆರಾನ್‌ದಾಗ ನಡುವ ಒಂದು ಲೂಪು, ಕಮಾಂಡ್ ಬಂದ್ರ ಓಡಸ್ತದ, ಮುಗದ ಮ್ಯಾಲ ಲೂಪಿಗೆ ವಾಪಸ್. ಕಸ ಗುಡಸೋದು ಎರಡು ಕಮಾಂಡಿನ ನಡುವ ಅಷ್ಟ. ಆ ಹೊತ್ತಿನ್ಯಾಗ ಸ್ಟ್ಯಾಕ್ ಖಾಲಿ ಇರತದ, ಸ್ಟ್ಯಾಕಿನ್ಯಾಗ ಯಾವುದು ಪಾಯಿಂಟರು, ಯಾವುದು ಸುಮ್ಮನ ಸಂಖ್ಯಾ ಅಂತ ಹುಡಕೋ ಪಂಚಾಯ್ತಿನೇ ಇಲ್ಲ. ಮಾಡ್ಯೂಲಿನ ಗ್ಲೋಬಲ್ ಪಾಯಿಂಟರ್ ಹಿಡಕೊಂಡು ಹೋದ್ರ ಮುಗೀತು.

ನಿಮ್ಮ ಪ್ರಾಂಪ್ಟ್ ಲೂಪಿನ್ಯಾಗ ಒಂದು ಕಮಾಂಡ್ ಮುಗಿದು ಇನ್ನೊಂದು ಓದೋ ಮೊದಲ ರನ್‌ಟೈಮ್ ಜಿಸಿ ಕರೀರಿ. ಟೈನಿಗೋ ತಾನಾಗೇ ಸ್ಟ್ಯಾಕ್ ನೋಡತದ, ನೋಡ್ಲಿ ಬಿಡು. ಉಳಿದ ಟಾಸ್ಕಿಗೆ ಬೇಕಾದ ಬಫರೆಲ್ಲಾ ಬೂಟ್ ಆಗೋ ಮುಂದನೇ ತಗೊಂಡು ಇಟ್ಟಬಿಡ್ರಿ, ಆಮ್ಯಾಲ ಹೊಸಾದು ಕೇಳಬ್ಯಾಡ್ರಿ. 16 ಕೆಬಿ ಆ ಕೆಲಸಕ್ಕ ಸಾಕಾಗತದ. ಸಿನಾಪ್ಸಿಸ್ ಆದ ಮ್ಯಾಲ ಇಲ್ಲೇ ಹಾಕು, ಗೈಡ್ ಏನಂದ್ರು ಅನ್ನೋದೂ ಬರಿ.